ಕೊನೆಯ ದೃಶ್ಯದ ಕಚ್ಚಾ ಟ್ಯೂನು

ನಾನು ಸಿನಿಮಾ ಎಡಿಟರ್. ನಮ್ಮ ಕಸುಬಿನವರು ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಕತ್ತರಿ ಅನ್ನುತ್ತಾರೆ. ಕೈಯ ಚುರುಕಿಗೆ ಆ ಹೆಸರು ಬಂತೋ ನಾಲಗೆಯ ಚುರುಕಿಗೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಯಾವುದು ಎಲ್ಲಿ ಮುಗಿಯಬೇಕು ಎಂದು ಹೇಳುವುದೇ ನನ್ನ ಅನ್ನ. ಅಂಥವಳ ತಲೆ ಕೂಡ ಒಂದು ಸಿನಿಮಾದ ದೆಸೆಯಿಂದ ಹೀಗೆ ಕೆಟ್ಟು ಕೂತಿತಲ್ಲ ಎಂದು ನೆನೆದರೆ ನಗು ಬರುತ್ತದೆ. ನಗು ಮುಗಿದ ಮೇಲೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಅದೊಂದು ಪ್ರೇಮದ ತಮಾಷೆ ಚಿತ್ರ. ಪ್ರೀತಿ ಮುರಿದುಬಿದ್ದ ಒಬ್ಬ, ತನ್ನವಳು ಬಿಟ್ಟುಹೋದ ರೆಕಾರ್ಡುಗಳ ಪೆಟ್ಟಿಗೆಯನ್ನು ಮಾರಿಬಿಡೋಣವೆಂದು ಹಳೆಯ ಸಂಗೀತದ ಸಾಮಾನಿನ ಅಂಗಡಿಗೆ ಬರುತ್ತಾನೆ. ಅಲ್ಲಿ ಅದೇ ಕೆಲಸಕ್ಕೆ ಒಬ್ಬಳು ಬಂದಿರುತ್ತಾಳೆ. ಇವನ ಪೆಟ್ಟಿಗೆ ಅವಳಿಗೆ ಹಿಡಿಸುತ್ತದೆ, ಅವಳದು ಇವನಿಗೆ. ಪೆಟ್ಟಿಗೆಗಳು ಅದಲುಬದಲಾಗುತ್ತವೆ. ಆ ಹಾಡುಗಳನ್ನು ಕೇಳಿ ಕೇಳಿ ಇಬ್ಬರೂ ಪ್ರೀತಿಗೆ ಬೀಳುತ್ತಾರೆ. ಅರ್ಧ ಸಿನಿಮಾ ಕಳೆದ ಮೇಲೆ ಅವರಿಗೆ ಜ್ಞಾನೋದಯವಾಗುತ್ತದೆ, ತಾವು ಮೆಚ್ಚಿದ್ದು ಒಬ್ಬರು ಇನ್ನೊಬ್ಬರನ್ನಲ್ಲ, ಎಂದೋ ಬಿಟ್ಟುಹೋದ ಬೇರೆ ಇಬ್ಬರ ರುಚಿಯನ್ನು ಎಂದು. ಆಮೇಲೆ ಜಗಳ, ಅಳು, ಬೇರೆ ಬೇರೆ ದಾರಿ. ಕೊನೆಯಲ್ಲಿ ಅವಳು ಪೆಟ್ಟಿಗೆ ಹಿಂದಿರುಗಿಸಲು ಅವನ ಮನೆಯ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಲ್ಲುತ್ತಾಳೆ. ಅವಳ ಮುಖವೊಂದೇ ಬಹಳ ಹೊತ್ತು ಕಾಣುತ್ತದೆ. ಬೆಲ್ ಒತ್ತುತ್ತಾಳೋ, ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಇಳಿದು ಹೋಗುತ್ತಾಳೋ? ಎರಡನ್ನೂ ಚಿತ್ರೀಕರಿಸಿದ್ದರು. ಯಾವುದನ್ನು ಇಡಬೇಕೆಂದು ನಿರ್ದೇಶಕನಿಗೇ ಗೊತ್ತಿರಲಿಲ್ಲ.

ನಿರ್ದೇಶಕನಿಗೆ ನಾನು ಇಟ್ಟ ಹೆಸರು 'ಇನ್ನೊಂದ್ಸಲ'. ಯಾವ ದೃಶ್ಯ ತೋರಿಸಿದರೂ ಗಡ್ಡ ಕೆರೆದುಕೊಂಡು ಇನ್ನೊಂದ್ಸಲ ಅನ್ನುತ್ತಾನೆ. ಒಳ್ಳೆಯ ಹುಡುಗ, ಆದರೆ ಅವನಿಗೆ ತೀರ್ಮಾನ ಎಂಬ ಪದವೇ ಅಲರ್ಜಿ.

ನನ್ನ ಕೆಲಸದ ಕೋಣೆ ಅಕ್ಕನ ಮನೆಯ ಮಹಡಿಯಲ್ಲಿದೆ. ಕೆಳಗೆ ಅಕ್ಕನ ಹೊಲಿಗೆ ಅಂಗಡಿ. ಅವಳ ಮೆಷಿನ್ನಿನ ಸದ್ದು ಮೇಲೆ ಬರುತ್ತದೆ, ನನ್ನ ಸ್ಪೀಕರಿನ ಸದ್ದು ಕೆಳಗೆ ಹೋಗುತ್ತದೆ, ಅದಕ್ಕೆಂದೇ ವಾರಕ್ಕೊಮ್ಮೆ ನಮ್ಮ ಜಗಳ. ಗಂಡನಿಂದ ಬೇರೆಯಾದ ಮೇಲೆ ನಾನು ಇಲ್ಲಿಗೆ ಬಂದೆ. ನಾಲ್ಕು ದಿನದ ಮಟ್ಟಿಗೆ ಅಂದುಕೊಂಡಿದ್ದೆ, ಈಗ ಕಿಟಕಿಯ ಪರದೆಯ ಬಣ್ಣ ಕೂಡ ನಾನೇ ಆರಿಸುವ ಹಾಗಾಗಿದೆ.

ಇನ್ನು ಕಚ್ಚಾ ಟ್ಯೂನಿನ ವಿಷಯ. ದೃಶ್ಯಗಳನ್ನು ಜೋಡಿಸುವಾಗ ಸಿನಿಮಾದ ಸಂಗೀತ ಇನ್ನೂ ತಯಾರಾಗಿರುವುದಿಲ್ಲ. ಬರಿದೆ ನೋಡಿದರೆ ಸಪ್ಪೆ. ಹಾಗಾಗಿ ನಾವು ಎಲ್ಲಿಂದಲೋ ಯಾವುದೋ ಸಂಗೀತ ತಂದು ಸದ್ಯಕ್ಕೆ ಅಂಟಿಸುತ್ತೇವೆ. ಅಕ್ಕ ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅದನ್ನು ಕಿತ್ತೆಸೆಯುತ್ತಾಳಲ್ಲ, ಹಾಗೆ. ಅಪಾಯ ಏನೆಂದರೆ, ದಿನವೂ ಕೇಳಿ ಕೇಳಿ ನಿರ್ದೇಶಕರು ಆ ಕಚ್ಚಾ ಟ್ಯೂನಿಗೇ ಮನಸೋಲುತ್ತಾರೆ. ಆಮೇಲೆ ಎಂಥ ಸಂಗೀತಗಾರ ಬಂದು ಏನು ನುಡಿಸಿದರೂ ಅವರಿಗೆ ಅದು ಮಲತಾಯಿಯ ಮಗು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಗೊತ್ತಿದ್ದೂ ನಾನು ಕೊನೆಯ ದೃಶ್ಯಕ್ಕೆ ಒಂದು ಟ್ಯೂನು ಹಾಕಿದೆ.

ಅದು ನನ್ನ ಹಳೆಯ ಡಿಸ್ಕಿನಲ್ಲಿತ್ತು. ನನ್ನ ಮಾಜಿ ಗಂಡ ಸಂಗೀತ ಕಲಿಸುವ ಮೇಷ್ಟ್ರು. ಊರೆಲ್ಲ ಅವನನ್ನು ಮೇಷ್ಟ್ರು ಅನ್ನುತ್ತದೆ, ಮದುವೆಯಾದ ಮೇಲೆ ನಾನೂ ಹಾಗೇ ಕರೆದೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಪಿಯಾನೋ, ಅದರ ಪಕ್ಕ ಸದಾ ಒಂದು ಮೈಕು. ಏನು ಹೊಳೆದರೂ ಅವನು ನುಡಿಸಿ ಇಟ್ಟುಕೊಳ್ಳುತ್ತಿದ್ದ. ಬೇರೆಯಾಗುವಾಗ ಆ ಡಿಸ್ಕಿನ ಒಂದು ನಕಲು ಹೇಗೋ ನನ್ನ ಸಾಮಾನಿನ ಜೊತೆ ಬಂದಿತ್ತು. ಅದರಲ್ಲಿ ಹೆಸರಿಲ್ಲದ ಒಂದು ತುಣುಕು. ಒಂದೇ ಕೈಯಲ್ಲಿ ನುಡಿಸಿದ, ಅವಸರವಿಲ್ಲದ, ನಡುವೆ ಒಂದು ಕಡೆ ಮುಂದಿನ ಸ್ವರಕ್ಕೆ ಕಾದು ನಿಂತ ಹಾಗಿದ್ದ ಟ್ಯೂನು. ಬಾಗಿಲ ಮುಂದೆ ನಿಂತ ನಾಯಕಿಯ ಮುಖದ ಕೆಳಗೆ ಹಾಕಿದೆ. ಹೊಲಿದ ಹಾಗೆ ಕೂತಿತು. ಟ್ಯೂನು ಮುಗಿದಲ್ಲಿಗೆ ಕತ್ತರಿಸಿ, ದೃಶ್ಯ ಉಳಿಸಿ, ಊಟಕ್ಕೆ ಇಳಿದೆ.

ಇನ್ನೊಂದ್ಸಲ ಅದನ್ನು ಕೇಳಿದವನು ಇನ್ನೊಂದ್ಸಲ ಅನ್ನಲಿಲ್ಲ. ಕಣ್ಣೊರೆಸಿಕೊಂಡ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ನಿರ್ಮಾಪಕರು ಗೊತ್ತುಮಾಡಿದ್ದ ಸಂಗೀತ ನಿರ್ದೇಶಕರು ಒಂದಾದ ಮೇಲೊಂದು ಟ್ಯೂನು ಕಳಿಸಿದರು. ಯಾವುದೂ ಇವನಿಗೆ ಹಿಡಿಸಲಿಲ್ಲ. ಕಡೆಗೆ ಅವರು ಬೇಸತ್ತು, ಅದನ್ನೇ ಹಾಗೇ ನುಡಿಸಿ ಕೊಡುತ್ತೇವೆ ಎಂದು ಒಳ್ಳೆಯ ಪಿಯಾನೋ ವಾದಕರನ್ನು ಕೂರಿಸಿದರು. ಆ ಕಾದು ನಿಲ್ಲುವ ಜಾಗ ಬಂದಾಗ ವಾದಕರು ಅಚ್ಚುಕಟ್ಟಾಗಿ ಎಣಿಸಿ ನಿಂತರು. ಇವನು ಅಡ್ಡಡ್ಡ ತಲೆಯಾಡಿಸಿದ. ಹೀಗೆ ನಿಲ್ಲುವುದಲ್ಲವಂತೆ, ಮುಂದೆ ಏನು ಅಂತ ಗೊತ್ತಿಲ್ಲದೆ ನಿಲ್ಲಬೇಕಂತೆ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಹೇಗೆ ನುಡಿಸುವುದು ಎಂದು ಅವರು ಕೋಟು ಹೆಗಲಿಗೆ ಹಾಕಿಕೊಂಡು ನಡೆದರು.

ಯಾರದು ಈ ಟ್ಯೂನು ಎಂದು ನಿರ್ದೇಶಕ ಕೇಳಿದಾಗಲೆಲ್ಲ ನಾನು ಎಲ್ಲೋ ಸಿಕ್ಕಿದ್ದು ಎಂದು ತೇಲಿಸಿಬಿಡುತ್ತಿದ್ದೆ. ಆದರೆ ಕೆಳಗೆ ಅಕ್ಕ ಇದ್ದಾಳಲ್ಲ. ಒಂದು ದಿನ ಅವನು ಮಹಡಿ ಇಳಿಯುವಾಗ ಆ ಟ್ಯೂನನ್ನು ಗುನುಗಿದ್ದಾನೆ. ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, ಇದು ನಮ್ಮ ಮೇಷ್ಟ್ರ ಮನೆಯ ಪಿಯಾನೋ, ಅದರ ಗೊಗ್ಗರು ದನಿ ನನಗೆ ಗೊತ್ತಿಲ್ಲವೇ ಎಂದಿದ್ದಾಳೆ. ಅಷ್ಟಕ್ಕೇ ನಿಲ್ಲಿಸದೆ ಮೇಷ್ಟ್ರ ಫೋನ್ ನಂಬರನ್ನೂ ಕೊಟ್ಟಿದ್ದಾಳೆ. ನಾನು ಹೋಗಿ ಕೂಗಾಡಿದೆ. ಅವಳು ಕಾಲು ಮೆಷಿನ್ನಿನ ಮೇಲಿಂದ ತೆಗೆಯದೆ ಕೇಳಿದಳು.

"ಲೋಕದಲ್ಲಿ ಅಷ್ಟೊಂದು ಸಂಗೀತ ಇದೆಯಲ್ಲೇ. ಅದನ್ನೇ ಯಾಕೆ ಹಾಕಿದೆ?"

"ಕೈಗೆ ಸಿಕ್ತು, ಹಾಕ್ದೆ."

"ನಿನ್ನ ಕೈಗೆ ಸುಮ್ಮನೆ ಏನೂ ಸಿಗಲ್ಲ ಕಣೇ. ನೀನು ಅವನನ್ನ ಕರೀತಿದೀಯ. ಬಾಯಿ ಬಿಟ್ಟು ಕರೆಯೋಕೆ ಜಂಬ, ಸಿನಿಮಾದಲ್ಲಿ ಹಾಕಿ ಕರೀತಿದೀಯ."

ನಾನು ಮುಖ ಸಿಂಡರಿಸಿಕೊಂಡು ಮೇಲೆ ಬಂದೆ. ಕರೆದೆನೇ? ಪರದೆಯ ಮೇಲೆ ಆ ನಾಯಕಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ. ಟ್ಯೂನು ಹಾಕಿ ನೋಡಿದರೆ ಈಗ ಬೆಲ್ ಒತ್ತುತ್ತಾಳೆ ಅನ್ನಿಸುತ್ತಿತ್ತು. ತೆಗೆದು ನೋಡಿದರೆ ಇವಳು ಸುಮ್ಮನೆ ಉಸಿರು ತೆಗೆದುಕೊಳ್ಳಲು ನಿಂತಿದ್ದಾಳೆ, ಮೆಟ್ಟಿಲು ಹತ್ತಿ ಸುಸ್ತಾಗಿದೆ, ಅಷ್ಟೇ ಅನ್ನಿಸುತ್ತಿತ್ತು. ನನ್ನ ಮುಖದ ಕೆಳಗೆ ಯಾವ ಟ್ಯೂನಿದೆ ಎಂದು ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು.

ಮರುದಿನವೇ ಮೇಷ್ಟ್ರ ಫೋನು ಬಂತು. ಎಷ್ಟೋ ಕಾಲದ ಮೇಲೆ ಕೇಳಿದ ದನಿ. ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ಕ್ರಿಯಾಪದವಿಲ್ಲದೆ ಮಾತಾಡಿದೆವು. ಕಡೆಗೆ ಅವನು ನಿಂತು ನಿಂತು ವಿಷಯಕ್ಕೆ ಬಂದ. ದೂರದ ಊರಿನ ಒಂದು ಸಂಗೀತ ಶಾಲೆಯವರು ಅವನನ್ನು ಕರೆದಿದ್ದರು. ಅಲ್ಲೇ ಮನೆ, ಕೆಲಸ ಖಾಯಂ. ಸೋಮವಾರದೊಳಗೆ ಹೂಂ ಅನ್ನಬೇಕು. ಹೊರಡಲು ಮನಸ್ಸು ಮಾಡಿಯೂ ಆಗಿತ್ತಂತೆ, ಅಷ್ಟರಲ್ಲಿ ನಿರ್ದೇಶಕನ ಫೋನು.

"ನನ್ನ ಟ್ಯೂನು ಇಟ್ಕೊಂಡು ಕೂತಿದೀಯ ಅಂತ ಗೊತ್ತಿರಲಿಲ್ಲ," ಎಂದ. "ನೀನು ಕರೆದದ್ದೇ ಆದ್ರೆ ಹೇಳು. ನಾನು ಹೋಗಲ್ಲ. ಸುಮ್ನೆ ಹಾಕಿದ್ದು ಅಂದ್ರೆ ಅದನ್ನೂ ಹೇಳಿಬಿಡು."

ಇಂಥ ನೇರ ಪ್ರಶ್ನೆಯನ್ನು ನಮ್ಮ ಇಡೀ ಸಂಸಾರದಲ್ಲಿ ಅವನು ಕೇಳಿದವನಲ್ಲ.  ಮೊದಲು ಬಂದು ಕೇಳು, ಆಮೇಲೆ ಮಾತಾಡೋಣ ಎಂದು ಹೇಳಿ ಫೋನು ಇಟ್ಟೆ. ಯಾವುದಕ್ಕೂ ತಡವರಿಸದ ನಾನು ಒಂದು ಹೂಂಗೂ ಉಹೂಂಗೂ ನಡುವೆ ಸಿಕ್ಕಿಕೊಂಡಿದ್ದೆ. ಅವನ ಜೊತೆಗಿದ್ದಾಗ ನನ್ನನ್ನು ಕಾಡಿದ್ದು ಒಂದೇ ದೂರು, ಈ ಮನುಷ್ಯನಿಗೆ ಲೋಕದ ಎಲ್ಲ ಸದ್ದೂ ಕೇಳಿಸುತ್ತದೆ, ನನ್ನದೊಂದನ್ನು ಬಿಟ್ಟು ಎಂದು. ಅದನ್ನೇ ಹೇಳಿ ಹೊರಟು ಬಂದವಳು ನಾನು. ಆ ದೂರು ಇನ್ನೂ ಹಾಗೇ ಇತ್ತು. ಆದರೂ ಅವನು ಬರುವ ದಿನ ಬೆಳಗ್ಗೆ ಕೋಣೆ ಗುಡಿಸಿದೆ, ಕೇಬಲ್ಲುಗಳನ್ನು ಸುತ್ತಿಟ್ಟೆ, ಅಕ್ಕ ಹೊಸದಾಗಿ ಹೊಲಿದ ಕುಪ್ಪಸ ಹಾಕಿಕೊಂಡು, ಮತ್ತೆ ಅದನ್ನು ಬಿಚ್ಚಿ ಹಳೆಯದನ್ನೇ ಹಾಕಿಕೊಂಡೆ.

ಮೇಷ್ಟ್ರು ಇಸ್ತ್ರಿ ಮಾಡಿದ ಹೊಸ ಶರ್ಟಿನಲ್ಲಿ ಬಂದ. ಕೆಳಗೆ ಅಕ್ಕ ಅವನನ್ನು ನಿಲ್ಲಿಸಿಕೊಂಡು ಕಾಲರು ಸರಿಮಾಡಿ ಕಳಿಸಿದ್ದು ಮೆಟ್ಟಿಲ ಮೇಲಿಂದಲೇ ಕಂಡಿತು. ಕೋಣೆಯಲ್ಲಿ ಕಾದು ಕೂತಿದ್ದ ಇನ್ನೊಂದ್ಸಲ ಅವನನ್ನು ನೋಡಿ ದೇವರು ಬಂದ ಹಾಗೆ ಎದ್ದು ನಿಂತ. ನಾನು ದೃಶ್ಯ ಹಾಕಿದೆ.

ಕೇಳುತ್ತ ಕೇಳುತ್ತ ಮೇಷ್ಟ್ರ ಮುಖ ವಿಚಿತ್ರವಾಯಿತು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಬಾಯಿ ಸ್ವಲ್ಪ ತೆರೆಯಿತು. ಮುಗಿದ ಮೇಲೆ ಅವನು ಇನ್ನೊಂದ್ಸಲ ಎಂದ. ನಿರ್ದೇಶಕನಿಗೆ ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿ ಸಂತೋಷವಾಯಿತು. ಮತ್ತೆ ಹಾಕಿದೆ. ಅಷ್ಟರಲ್ಲಿ ನಿರ್ಮಾಪಕರ ಫೋನು ಬಂದು ನಿರ್ದೇಶಕ ಹೊರಗಿನ ಮೆಟ್ಟಿಲಿಗೆ ಹೋದ. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ಇದರ ಕೊನೆ ಎಲ್ಲಿ?" ಎಂದು ಮೇಷ್ಟ್ರು ಕೇಳಿದ.

"ಇದೇ ಕೊನೆ. ಟ್ಯೂನ್ ಮುಗೀತಲ್ಲ."

"ಟ್ಯೂನ್ ಮುಗೀತು. ರೆಕಾರ್ಡಿಂಗ್ ಮುಗೀಲಿಲ್ಲ. ನೀನು ಕತ್ತರಿಸಿದೀಯ. ಪೂರ್ತಿ ಇದ್ರೆ ಹಾಕು."

ಮೂಲ ತುಣುಕನ್ನು ನಾನು ಕೊನೆಯವರೆಗೆ ಕೇಳಿಯೇ ಇರಲಿಲ್ಲ. ಯಾಕೆ ಕೇಳಲಿ, ನನಗೆ ಬೇಕಾದ್ದು ಸಿಕ್ಕಿತ್ತು, ಅಲ್ಲಿಗೆ ಕತ್ತರಿ ಹಾಕಿದ್ದೆ. ಈಗ ತೆರೆದು ಹಾಕಿದೆ. ಟ್ಯೂನು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಿಯಾನೋದ ಹತ್ತಿರದಿಂದಲೇ ಒಂದು ಹೆಣ್ಣುದನಿ, ಅಯ್ಯೋ ಒಲೆ ಮೇಲೆ ನೀರಿಟ್ಟಿದ್ದೆ ಎಂದಿತು. ಚಪ್ಪಲಿಯ ಸದ್ದು ಒಳಗೆ ಹೋಯಿತು. ಅದು ದೂರವಾದ ಮೇಲೆ, ಮೈಕಿನ ಪಕ್ಕದಲ್ಲೇ ಯಾರೋ ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟರು. ಒಂದು ಸಣ್ಣ ಕೆಮ್ಮು. ಅಲ್ಲಿಗೆ ನಿಜವಾಗಿ ಮುಗಿಯಿತು.

ಹೆಣ್ಣುದನಿ ನನ್ನದು.

ನಾನು ಬೆಪ್ಪಾಗಿ ಪರದೆಯನ್ನೇ ನೋಡುತ್ತ ಕೂತೆ. ನನಗೆ ಪಿಯಾನೋ ಬರುವುದಿಲ್ಲ. ಯಾರಾದರೂ ಕೇಳಿದರೆ ಈಗಲೂ ಹಾಗೇ ಹೇಳುತ್ತೇನೆ. ಆದರೆ ನೀರು ಕುದಿಯಲೆಂದು ಕಾಯುವಾಗ, ಬಟ್ಟೆ ಒಣಗಲೆಂದು ಕಾಯುವಾಗ, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಆ ಪಿಯಾನೋದ ಕೀಗಳನ್ನು ಒತ್ತುವ ಚಾಳಿಯಿತ್ತು, ಅಷ್ಟೇ. ಅದು ನುಡಿಸುವುದು ಎಂದು ನನಗೆ ಅನ್ನಿಸಿರಲೇ ಇಲ್ಲ. ಆ ಕಾದು ನಿಲ್ಲುವ ಜಾಗ, ನಿರ್ದೇಶಕ ಪ್ರಾಣ ಬಿಡುತ್ತಿದ್ದ ಜಾಗ, ನಾನು ಮುಂದಿನ ಕೀ ಯಾವುದೆಂದು ಹುಡುಕುತ್ತಿದ್ದ ಜಾಗ.

"ಮೈಕ್ ಆನ್ ಇತ್ತು," ಎಂದ ಮೇಷ್ಟ್ರು. "ಆರಿಸೋಣ ಅಂತ ಎದ್ರೆ ನೀನು ನಿಲ್ಲಿಸಿಬಿಡ್ತೀಯ. ಅದಕ್ಕೆ ಅಲ್ಲಾಡದೆ ಕೂತಿದ್ದೆ. ಕೆಮ್ಮು ಬೇರೆ ಬರ್ತಿತ್ತು."

"ಹೇಳ್ಬೇಕಿತ್ತು ನನಗೆ."

"ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆಗೆದೆ. ನಾನು ಶುರು ಮಾಡೋದ್ರೊಳಗೆ ಆ ಮಾತನ್ನ ನೀನೇ ಮುಗಿಸಿ ಕೊಡ್ತಿದ್ದೆ. ಅದು ನನ್ನ ಮಾತಾಗಿರ್ತಿರಲಿಲ್ಲ. ಆದ್ರೂ ಹೂಂ ಅಂತಿದ್ದೆ."

ನನಗೆ ರೇಗಿತು. ನೀನು ನಿಧಾನಕ್ಕೆ ಮಾತಾಡಿದರೆ ಕೇಳುವವರು ಮುದುಕರಾಗಿಬಿಡುತ್ತಾರೆ ಎಂದು ಹೇಳಲು ಬಾಯಿ ತೆರೆದೆ, ತೆರೆದದ್ದನ್ನು ಮುಚ್ಚಿದೆ. ಅವನು ಪೆಚ್ಚು ನಗೆ ನಗುತ್ತ ಹೊಸ ಶರ್ಟಿನ ತೋಳು ಮಡಿಸಿಕೊಳ್ಳುತ್ತಿದ್ದ. ನನ್ನದು ಅಂದುಕೊಂಡು ಖುಷಿಯಲ್ಲಿ ಓಡಿ ಬಂದೆ ನೋಡು ಎಂದ. ಆ ನಗೆ ನೋಡಿ ನನಗೆ ಅವನ ಬಗ್ಗೆ ಮರುಕವಾಯಿತು, ನನ್ನ ಬಗ್ಗೆಯೂ ಆಯಿತು. ಅವನ ಟ್ಯೂನೆಂದು ನಾನು ಹಚ್ಚಿಕೊಂಡದ್ದು ನನ್ನದೇ ಟ್ಯೂನನ್ನು. ಹಾಗಾದರೆ ಇಷ್ಟು ದಿನ ನನಗೆ ನೆನಪಾಗಿ ಕಾಡಿದ್ದು ಯಾರು? ಕೇಳುವುದೇ ಇಲ್ಲ ಎಂದು ನಾನು ಬಿಟ್ಟುಬಂದ ಮನುಷ್ಯ ಕೆಮ್ಮು ತಡೆದುಕೊಂಡು ಕೇಳಿದ್ದನಲ್ಲ, ಅದನ್ನು ಎಲ್ಲಿಡಲಿ?

ಅಷ್ಟರಲ್ಲಿ ಇನ್ನೊಂದ್ಸಲ ಒಳಗೆ ಬಂದು, ಯಾವಾಗ ರೆಕಾರ್ಡ್ ಮಾಡೋಣ ಸರ್ ಎಂದ. ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, ನುಡಿಸಿದವರು ಇವರು ಎಂದ. ನಿರ್ದೇಶಕ ನನ್ನನ್ನು ಎಂದೂ ನೋಡದವನ ಹಾಗೆ ನೋಡಿದ. ಮತ್ತೆ ನುಡಿಸುತ್ತೀರಾ ಎಂದು ಕೇಳಿದ. ಬರುವುದಿಲ್ಲ ಎಂದೆ. ಹಾಗಿದ್ದರೆ ಇದನ್ನೇ ಹೀಗೇ ಇಟ್ಟುಬಿಡೋಣ ಎಂದು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ತೀರ್ಮಾನ ಮಾಡಿದ. ಅದರ ಹುಮ್ಮಸ್ಸಿನಲ್ಲಿ ಇನ್ನೊಂದನ್ನೂ ಮುಗಿಸಿಬಿಡೋಣವೆಂದು, ಕೊನೆಯಲ್ಲಿ ಅವಳು ಬೆಲ್ ಒತ್ತಲೋ ಇಳಿದು ಹೋಗಲೋ ಎಂದು ಇಬ್ಬರನ್ನೂ ಕೇಳಿದ.

ಬೆಲ್ ಒತ್ತಲಿ ಎಂದೆ ನಾನು. ಇಳಿದು ಹೋಗಲಿ ಎಂದ ಮೇಷ್ಟ್ರು. ಒಟ್ಟಿಗೇ ಹೇಳಿದೆವು. ನಿರ್ದೇಶಕ ಗಡ್ಡ ಕೆರೆದುಕೊಳ್ಳುತ್ತ, ಇಬ್ಬರನ್ನೂ ನೋಡಿ, ಏನು ಅರ್ಥವಾಯಿತೋ, ಕೆಳಗೆ ಅಕ್ಕನ ಅಂಗಡಿಗೆ ಇಳಿದುಹೋದ.

ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತಿದ್ದ. "ನಾನು ಸೋಮವಾರ..." ಎಂದು ಶುರುಮಾಡಿ ನಿಂತ.

ಅವನ ನಿಲುಗಡೆಗಳು ನನಗೆ ಗೊತ್ತು. ನಡುವೆ ಒಂದು ಸಂಸಾರ ಹೂಡಿ ಮುಗಿಸಬಹುದು, ಅಷ್ಟು ಉದ್ದ. ಹಿಂದಾಗಿದ್ದರೆ ಆ ಸೋಮವಾರದ ಬೆನ್ನಿಗೇ, ಹೋಗಲ್ಲ ಅಲ್ವಾ, ಇಲ್ಲೇ ಇರ್ತೀಯ ಅಲ್ವಾ ಎಂದು ನಾನೇ ಹೇಳಿಬಿಡುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ, ಅಲ್ಲಿಗೆ ಎಲ್ಲ ಸುಖಾಂತ. ಈಗ ನಾನು ಹಲ್ಲು ಕಚ್ಚಿಕೊಂಡು ಕೂತೆ. ಕೆಳಗೆ ಅಕ್ಕನ ಮೆಷಿನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ನನಗೆ ಭಯವಾಗುತ್ತಿತ್ತು.

"ಸೋಮವಾರ ಹೂಂ ಅಂದುಬಿಡ್ತೀನಿ," ಎಂದ ಕಡೆಗೆ. "ಹೋಗ್ತೀನಿ. ನೀನು ನನ್ನನ್ನ ಕರೆದಿಲ್ಲ ಅಂತ ಇವತ್ತು ಗೊತ್ತಾಯ್ತು. ಕರೆಯದೆ ಇದ್ದ ಕಡೆ ಎಷ್ಟೋ ವರ್ಷ ಇದ್ದೆ. ಇನ್ನು ಆಗಲ್ಲ."

ಅವನ ಬಾಯಿಂದ ನಾನು ಪೂರ್ತಿಯಾಗಿ ಕೇಳಿಸಿಕೊಂಡ ಮೊದಲ ಮಾತು ಅದೇ ಇರಬೇಕು. ನನಗೆ ಬಹಳ ನೋವಾಯಿತು. ಬೇಗ ಕತ್ತರಿಸಿದ್ದರೆ ಆಗುತ್ತಿತ್ತು ಅನ್ನಿಸಿತು.

"ಹೋಗ್ಬೇಡ," ಎಂದೆ.

"ಯಾಕೆ?"

ನಾನು ಎಲ್ಲದಕ್ಕೂ ಕಾರಣ ಇಟ್ಟುಕೊಂಡವಳು. ಮದುವೆಯಾಗಲು ನನ್ನ ಹತ್ತಿರ ಕಾರಣಗಳಿದ್ದವು, ಬಿಡಲು ಅದಕ್ಕಿಂತ ಒಳ್ಳೆಯ ಕಾರಣಗಳಿದ್ದವು. ಈಗ ಹುಡುಕಿದೆ. ಒಂದೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದೆ. "ನಾನು ಕರೀತಿರೋದು ನಿನ್ನನ್ನೋ, ಅವತ್ತು ಉಸಿರು ಹಿಡ್ಕೊಂಡು ಕೂತಿದ್ದನಲ್ಲ ಅವನನ್ನೋ, ಅದೂ ಗೊತ್ತಿಲ್ಲ. ಆದ್ರೆ ಕರೀತಿದೀನಿ."

  ಅವನು ಜೇಬಿನಿಂದ ಫೋನು ತೆಗೆದು ಶಾಲೆಯ ಮುಖ್ಯಸ್ಥರಿಗೆ ಮಾಡಿದ. ನಾನು ಬೇಡ, ಇನ್ನೂ ಸೋಮವಾರ ಇದೆ, ಯೋಚನೆ ಮಾಡು ಎಂದು ಕೈಸನ್ನೆ ಮಾಡಿದೆ. ಅವನು ನೋಡಲಿಲ್ಲ. ಬರಲು ಆಗುವುದಿಲ್ಲ ಎಂದು ಅವರಿಗೆ ಹೇಳಿದ. ಅವರು ಕಾರಣ ಕೇಳಿದರು ಅಂತ ಕಾಣುತ್ತದೆ. ಅವನು ನನ್ನ ಕಡೆ ತಿರುಗಿ, ಸಹಾಯ ಕೇಳುವವನ ಹಾಗೆ ನೋಡಿದ. ನಾನು ಹೇಳಿಕೊಡಲಿಲ್ಲ.

"ಕಾರಣ ಗೊತ್ತಿಲ್ಲ ಸರ್," ಎಂದ.

ಆ ಕಡೆಯ ದನಿ ಏರಿದ್ದು ನನಗೂ ಕೇಳಿಸಿತು. ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅವರು ಇಟ್ಟುಬಿಟ್ಟರು. ಮೇಷ್ಟ್ರು ಫೋನನ್ನು ಮೊಣಕಾಲ ಮೇಲಿಟ್ಟುಕೊಂಡ. ಅವನ ಮುಖ ಬಿಳಚಿಕೊಂಡಿತ್ತು.  ಎಂಥ ಕೆಲಸ ಮಾಡಿಕೊಂಡೆವು ಎಂದು ಅವನು ಮೆಲ್ಲಗೆ ಕೇಳಿದ. ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರಿಗೆ ಎಲ್ಲ ಗೊತ್ತಿರುತ್ತಿತ್ತು, ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಈ ಸಲ ಇಬ್ಬರಿಗೂ ಏನೂ ಗೊತ್ತಿರಲಿಲ್ಲ, ಮತ್ತು ಇಬ್ಬರೂ ಎದ್ದು ಹೋಗಲಿಲ್ಲ.